ಬಿಸಿಯಿಲ್ಲದೆ ಬಿಡಿಸಿದ ಪದರ

ಜೂನ್ ೩, ಸೋಮವಾರ

ಈ ಕೆಳಗೆ ಸಹಿ ಮಾಡದಿರುವ ನಾನು, ವಯಸ್ಸು ನಲವತ್ತೆರಡು, ಉದ್ಯೋಗ ರಸಾಯನ ವಿಜ್ಞಾನ, ಹವ್ಯಾಸ ಸಜ್ಜನಿಕೆ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಇಂದು ಮಧ್ಯಾಹ್ನ ಪಕ್ಕದ ಲ್ಯಾಬಿನ ಪಾಲಿಮರ್ ಪಂಡಿತರು ಕೈ ತೊಳೆಯಲು ಹೋಗಿದ್ದ ಹೊತ್ತಿನಲ್ಲಿ, ಅವರ ಕಪಾಟಿನಿಂದ ಒಂದು ಡಬ್ಬಿ ಬಿಳಿ ಪುಡಿಯನ್ನು ನನ್ನ ಕೋಟಿನ ಜೇಬಿಗೆ ವರ್ಗಾಯಿಸಿದ್ದೇನೆ. ಪುಡಿಯ ಹೆಸರು ಉದ್ದ, ಸ್ವಭಾವ ಸಾಬೂನಿನದು. ಕೂದಲು ನುಣುಪಾಗಿಸುವ ಕ್ರೀಮುಗಳಲ್ಲಿ ಇದರ ಒಡಹುಟ್ಟಿದ ತಮ್ಮನಿದ್ದಾನೆ. ನನ್ನ ನೆತ್ತಿಯನ್ನು ಒಮ್ಮೆ ನೋಡಿದ ಯಾವ ನ್ಯಾಯಾಧೀಶರೂ ಈ ಕಳವನ್ನು ನನ್ನ ತಲೆಗೆ ಕಟ್ಟಲಾರರು.

ನನ್ನ ಡಬ್ಬಿ ಖಾಲಿಯಾಗಿತ್ತು. ಹೊಸದಕ್ಕೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ನಾನೇ ಇರುವುದಿಲ್ಲ. ಸಾವಿನ ಮಾತಲ್ಲ, ವರ್ಗಾವಣೆಯ ಮಾತು. ನಿರ್ದೇಶಕರು ಬಿಡಿಸಿ ಹೇಳಿದ್ದಾರೆ: "ಜುಲೈ ಸಮಿತಿಗೆ ನಿಮ್ಮ ಪದರದ್ದು ಏನಾದ್ರೂ ಗಟ್ಟಿಯಾಗಿ ತೋರಿಸಿ. ಇಲ್ಲಾಂದ್ರೆ ನಿಮ್ಮ ಪ್ರಯೋಗದ ಬೆಂಚು ಮುಚ್ತೀವಿ. ನೀರು ಪರೀಕ್ಷೆ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ." ಇಷ್ಟು ವರ್ಷದ ದುಡಿಮೆ ಅಕ್ಷರಶಃ ನೀರುಪಾಲು.

ಕಳವಿನ ವಿಷಯ ಹೆಂಡತಿಗೆ ಹೇಳುವಂತಿಲ್ಲ. ಅವಳು ನಮ್ಮ ಸಂಸ್ಥೆಯಲ್ಲೇ, ಹರಳುಗಳ ಒಳರಚನೆ ಅಳೆಯುವ ಎಕ್ಸ್‌ರೇ ಯಂತ್ರದ ಅಧಿಕಾರಿಣಿ. ಒಳಗಿನ ಗುಟ್ಟು ಹೊರಗೆಳೆಯುವುದೇ ಅವಳ ಸಂಬಳದ ಕೆಲಸ. ಮನೆಯಲ್ಲಿ ಅದನ್ನೇ ಬಿಟ್ಟಿ ಮಾಡುತ್ತಾಳೆ. ಹಾಗಾಗಿ ನಮ್ಮ ಜೊತೆಗೇ ಇರುವ ಅವಳ ತಾಯಿಯ ಮುಂದೆ ತಪ್ಪೊಪ್ಪಿಕೊಂಡೆ.

"ಆ ಪುಡಿ ಹಾಕ್ಕೊಂಡು ಏನ್ ಮಾಡ್ತೀರಿ ಅಳಿಯಂದ್ರೇ?" ಎಂದರು ಅತ್ತೆ.

"ಗಂಜಿ ಹಾಕಿದ ಬೆಡ್‌ಶೀಟುಗಳನ್ನ ಒಂದರ ಮೇಲೊಂದು ಒತ್ತಿ ಇಟ್ರೆ ಅಂಟ್ಕೊಳ್ಳಲ್ವಾ ಅತ್ತೆ? ಬೇರೆ ಅಣುಗಳನ್ನ ಬೇಗ ಜೋಡಿಸೋ ನನ್ನ ಜಿಯೋಲೈಟಿನ ಪದರಗಳೂ ಹಾಗೇ. ಮರಳಿನ ಅಂಶ, ಒಂದಿಷ್ಟು ಅಲ್ಯೂಮಿನಿಯಂ, ಎಲ್ಲ ಸೇರಿಸಿ ಉಕ್ಕಿನ ಪಾತ್ರೇಲಿ ಮುಚ್ಚಿ ವಾರವಿಡೀ ಬಿಸೀಲಿ ಉರುಳಿಸಿದ್ರೆ ತೆಳ್ಳಗಿನ ಹಾಳೆಗಳ ಕಟ್ಟು ಸಿಗುತ್ತೆ. ಅಲ್ಯೂಮಿನಿಯಂ ಇರೋ ಕಡೆ ಆಮ್ಲ ಇರುತ್ತೆ. ಆಮ್ಲ ಇರೋ ಕಡೆ ಕೆಲಸ ನಡೆಯುತ್ತೆ. ಆದ್ರೆ ಹಾಳೆಗಳ ಮಧ್ಯೆ ದೊಡ್ಡ ಅಣು ನುಗ್ಗೋಕೆ ಜಾಗ ಇಲ್ಲ."

"ಹಾಗಾದ್ರೆ ಬಿಡಿಸಿ."

"ಬಿಡಿಸೋಕೇ ಸಾಬೂನು. ಅದು ಮಧ್ಯೆ ತೂರಿ ಹಾಳೆಗಳನ್ನ ದೂರ ತಳ್ಳುತ್ತೆ. ಆ ಸಂದಿಲಿ ಮರಳಿನ ಕಂಬ ನಿಲ್ಲಿಸ್ತೀನಿ. ಆಮೇಲೆ ಸುಟ್ರೆ ಸಾಬೂನು ಹೋಗುತ್ತೆ, ಕಂಬ ಉಳಿಯುತ್ತೆ. ಬಿಡಿಸೋಕ್ ಮುಂಚೇನೇ ಸುಟ್ಟುಬಿಟ್ರೆ ಮಾತ್ರ ಹಾಳೆಗಳು ಬೆಸೆದುಹೋಗ್ತವೆ, ಮತ್ತೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ."

ಅತ್ತೆ ಸ್ವಲ್ಪ ಯೋಚಿಸಿ, "ಕದ್ದ ಸಾಬೂನಿಂದ ಕೈ ಶುದ್ಧ ಆಗುತ್ತಾ?" ಎಂದರು. ಮಗಳು ಯಾರ ಮಗಳೆಂದು ಮತ್ತೆ ಗೊತ್ತಾಯಿತು.

ಜೂನ್ ೬, ಗುರುವಾರ

ಸಿಕ್ಕಿತು! ಪುಡಿ, ಕ್ಷಾರ, ಚೆನ್ನಾಗಿ ಬಿಸಿ, ಭರ್ಜರಿ ಕಲಕು. ಹೆಂಡತಿ ಯಾವುದೋ ತರಬೇತಿಗೆ ಹೋಗಿದ್ದರಿಂದ ಎಕ್ಸ್‌ರೇ ಯಂತ್ರವನ್ನು ನಾನೇ ನಡೆಸಿದೆ. ಪುಡಿ ಇಟ್ಟೆ, ಗುಂಡಿ ಒತ್ತಿದೆ, ಮುಗಿಯಿತು. ಇಷ್ಟು ಕೆಲಸಕ್ಕೆ ಬಾಗಿಲಿಗೆ ಹೆಸರಿನ ಫಲಕ ಬೇರೆ. ಪರದೆಯ ಮೇಲಿನ ಗೆರೆಚಿತ್ರದ ಎಡತುದಿಯಲ್ಲಿ, ಹಾಳೆಗಳು ದೂರ ಸರಿದಿದ್ದರೆ ಎಲ್ಲಿ ಏಳಬೇಕೋ ಅಲ್ಲಿಯೇ, ಒಂದು ಶಿಖರ ಎದ್ದು ನಿಂತಿತು. ಹಿಮವೊಂದು ಕಡಿಮೆ, ಇಲ್ಲದಿದ್ದರೆ ಹತ್ತಿ ಬಾವುಟ ನೆಡುತ್ತಿದ್ದೆ.

ಬಲಗಡೆಗೆ ಅಳೆಯುವಷ್ಟು ತಾಳ್ಮೆ ಯಾರಿಗಿತ್ತು? ನೇರ ನಿರ್ದೇಶಕರ ಕೋಣೆಗೆ ಓಡಿದೆ. ಅವರು ಎದ್ದು ಕೈ ಕುಲುಕಿದರು. ನಾನು ಕಂಡಂತೆ ಅವರು ಕುರ್ಚಿಯಿಂದ ಏಳುವುದು ಮನೆಗೆ ಹೋಗುವಾಗ ಮಾತ್ರ.

ಜೂನ್ ೭, ಶುಕ್ರವಾರ

ಬೆಳಿಗ್ಗೆ ಹೆಂಡತಿ ಅದೇ ಪುಡಿಯನ್ನು ಮತ್ತೆ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಅಳೆದಳು. ನನ್ನನ್ನು ಕರೆದಳು. ದುರದೃಷ್ಟಕ್ಕೆ ಪಂಡಿತರೂ ಅಲ್ಲೇ ತಮ್ಮ ಸರದಿಗೆ ಕಾಯುತ್ತ ಕೂತಿದ್ದರು.

"ಪೂರ್ತಿ ನೋಡಿದ್ರೇನ್ರೀ?"

"ಶಿಖರ ಕಾಣ್ತಿದೆಯಲ್ಲ."

"ಅದು ಸಾಬೂನಿನ ಶಿಖರ. ನಿಮ್ಮ ಹಾಳೆಗಳ ಗುರುತು ಇಲ್ಲಿ ಬಲಗಡೆ ಇರ್ಬೇಕಿತ್ತು. ನೋಡಿ, ಬಟಾಬಯಲು. ಕ್ಷಾರಾನೂ ಜಾಸ್ತಿ, ಬಿಸಿನೂ ಜಾಸ್ತಿ. ಹಾಳೆಗಳು ಬಿಡಿಸಿಕೊಂಡಿಲ್ಲ, ಕರಗಿಹೋಗಿವೆ. ಕರಗಿದ್ದೆಲ್ಲ ಸಾಬೂನಿನ ಸುತ್ತ ಬೇರೇನೋ ಗೂಡು ಕಟ್ಕೊಂಡಿದೆ."

ನಿನ್ನೆಯ ಕೈಕುಲುಕು ಇನ್ನೂ ಅಂಗೈಯಲ್ಲಿ ಬೆಚ್ಚಗಿತ್ತು. ಬಾಯಿಗೆ ಬಂದದ್ದು ಹೀಗೆ: "ಗುಂಡಿ ಒತ್ತೋರು ಚಿತ್ರ ತೆಗೆದುಕೊಟ್ರೆ ಸಾಕು. ಅರ್ಥ ನಾವು ಹೇಳ್ಕೋತೀವಿ."

ಪಂಡಿತರು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅದು ತಿರುಗುತ್ತಿರಲಿಲ್ಲ.

"ಸರಿ ಸಾರ್," ಎಂದಳು ಹೆಂಡತಿ. ಮದುವೆಯಾದ ಮೇಲೆ ನಾನು ಅವಳ ಬಾಯಲ್ಲಿ 'ಸಾರ್' ಆದದ್ದು ಇದೇ ಮೊದಲು.

ಜೂನ್ ೮, ಶನಿವಾರ

ಮಾತಿಲ್ಲ. ತಪ್ಪು ನನ್ನದಲ್ಲ.

ಜೂನ್ ೧೧, ಮಂಗಳವಾರ

ಇನ್ನೂ ಮಾತಿಲ್ಲ. ಅತ್ತೆ ನಿವೃತ್ತರಾಗುವವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಈಗ ಮನೆಯಲ್ಲೇ ಹಳೆಯ ನೌಕರಿಗೆ ಮರಳಿದ್ದಾರೆ.

"ಅಮ್ಮಾ, ನಲ್ಲಿ ಸೋರ್ತಿದೆ ಅಂತ ಅವರಿಗೆ ಹೇಳು."

"ಅಳಿಯಂದ್ರೇ, ನಿಮಗೊಂದು ಕರೆ. ನಲ್ಲಿ ಸೋರ್ತಿದೆಯಂತೆ."

"ನಾಳೆ ನೋಡ್ತೀನಿ ಅಂತ ಹೇಳಿ ಅತ್ತೆ."

"ನಾಳೆಯಂತೆ ಕಣೇ. ಇನ್ನೇನಾದ್ರೂ ಇದೆಯಾ, ಲೈನ್ ಕತ್ತರಿಸ್ಲಾ?"

ಊಟದ ಮೇಜು ಇರುವುದು ಮೂವರು ಮೊಣಕೈ ತಾಗಿಸಿಕೊಂಡು ಕೂರುವಷ್ಟು. ಇಷ್ಟು ಹತ್ತಿರದಲ್ಲಿ ಇಷ್ಟು ದೂರದ ಕರೆ ಯಾವ ಎಕ್ಸ್‌ಚೇಂಜೂ ಜೋಡಿಸಿರಲಾರದು. ನಾನಂತೂ ಮೊದಲು ಮಾತಾಡಿಸುವವನಲ್ಲ.

ಜೂನ್ ೧೪, ಶುಕ್ರವಾರ

ಅವಳ ಬಾಯಿ ಮುಚ್ಚಿಸಲು ಪರೀಕ್ಷೆಗೆ ಇಳಿದೆ. ಬಾಯಿ ಈಗಾಗಲೇ ಮುಚ್ಚಿದೆ, ನಿಜ. ತತ್ತ್ವದ ಮಾತು ಹೇಳುತ್ತಿದ್ದೇನೆ. ನನ್ನ ಪುಡಿಗೆ ಕಂಬ ನಿಲ್ಲಿಸಿ, ಸುಟ್ಟು, ಆಮ್ಲರೂಪಕ್ಕೆ ತಂದು, ಮೆಸಿಟಿಲೀನ್ ಎಂಬ ಮೂರು ಕೊಂಬಿನ ಅಣುವನ್ನೂ ಬೆಂಜೈಲ್ ಆಲ್ಕೊಹಾಲನ್ನೂ ಅದರ ಮೇಲೆ ಬಿಟ್ಟೆ. ಕೊಂಬಿನವನು ಸಣ್ಣ ರಂಧ್ರದೊಳಗೆ ನುಗ್ಗಲಾರ. ಹಾಳೆಗಳು ಬಿಡಿಸಿಕೊಂಡಿದ್ದರಷ್ಟೇ ಇಬ್ಬರಿಗೂ ಭೇಟಿ, ಭೇಟಿಯಾದರಷ್ಟೇ ಮದುವೆ.

ಮದುವೆ ನಡೆಯಲಿಲ್ಲ. ಸಂಜೆಯವರೆಗೆ ಕುದಿಸಿದರೂ ಇಬ್ಬರೂ ಬಂದ ಹಾಗೆಯೇ ವಾಪಸು ಹೊರಟರು. ಸಭಾಂಗಣವೇನೋ ವಿಶಾಲ, ಭಾಷಣಕಾರನೇ ಇಲ್ಲ. ಹಾಳೆ ಕರಗಿದಾಗ ಅದರ ಆಮ್ಲದ ಬಲವೂ ಕರಗಿತ್ತು.

ಎಂದರೆ ಅವಳು ಹೇಳಿದ್ದು ಸರಿ. ಇದನ್ನು ಇಲ್ಲಿ ಬರೆಯುವುದಕ್ಕೂ ಪೆನ್ನಿಗೆ ಎರಡು ಸಲ ಧೈರ್ಯ ಹೇಳಬೇಕಾಯಿತು. ನಿರ್ದೇಶಕರಿಗೆ ಇನ್ನೂ ತಿಳಿಸಿಲ್ಲ. ಅವರು ಇವತ್ತು ಕಾರಿಡಾರಿನಲ್ಲಿ ಸಿಕ್ಕಿ, "ಸಮಿತಿ ಅಧ್ಯಕ್ಷರಿಗೆ ನಿಮ್ಮ ಶಿಖರದ ವಿಷಯ ಹೇಳಿದೀನಿ," ಎಂದರು. ಶಿಖರದಿಂದ ಬೀಳುವವರಿಗೆ ಪೆಟ್ಟು ಜಾಸ್ತಿ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೆ? ಹೇಳಿದ್ದಳು.

ನಾಳೆಯಿಂದ ಹೊಸ ಹಾಳೆಗಳು. ಮೊದಲಿನಿಂದ.

ಜೂನ್ ೧೯, ಬುಧವಾರ

ಉಕ್ಕಿನ ಪಾತ್ರೆ ಒಲೆಯೊಳಗೆ ಉರುಳುತ್ತಿದೆ, ಹೊರಗೆ ನಾನು ಹೊರಳುತ್ತಿದ್ದೇನೆ. ಉರುಳಿಸದೆ ಸುಮ್ಮನಿಟ್ಟರೆ ಇದೇ ಸಾಮಗ್ರಿಯಿಂದ ಬೇರೆ ಹರಳೇ ಬೆಳೆದುಬಿಡುತ್ತದೆ. ಹಾಗಾಗಿ ಗಳಿಗೆಗೊಮ್ಮೆ ಹೋಗಿ ಒಲೆಗೆ ಕಿವಿ ಕೊಟ್ಟು ಗಡಗಡ ಸದ್ದು ಕೇಳಿಬರುತ್ತೇನೆ.

ಪಂಡಿತರು ಬಂದು ಇನ್ನೊಂದು ಡಬ್ಬಿ ಮೇಜಿನ ಮೇಲಿಟ್ಟರು. "ಒಂದು ಡಬ್ಬಿ ಸಾಕಾಗಲ್ಲ ಅನ್ನಿಸ್ತು. ಕೇಳಿದ್ರೆ ಕೊಡ್ತಿದ್ದೆನಲ್ರೀ," ಎಂದರು. ಕಿವಿಯ ತುದಿಯವರೆಗೆ ಬೆವೆತೆ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ನಿಮ್ಮ ಮನೆಯವರ ಮುಂದೆ ಆವತ್ತು ನಾನಿರಬಾರದಿತ್ತು," ಎಂದರು. ಅಲ್ಲಿ ಇರಬಾರದಿದ್ದವನು ನಾನು ಎಂದು ನನಗನ್ನಿಸಿತು.

ಕ್ಷ-ಕಿರಣದ ಕೋಣೆಯಲ್ಲಿ 'ಕ್ಷ' ಧಾರಾಳವಾಗಿದೆ. 'ಮೆ' ಒಂದನ್ನು ಹೊರಗಿನಿಂದ ಯಾರಾದರೂ ಒದಗಿಸಬೇಕು.

ಒಳ್ಳೆಯ ಶ್ಲೇಷೆ. ಓದಿ ನಗಬೇಕಾದವಳು ಮಾತು ಬಿಟ್ಟಿದ್ದಾಳೆ.

ಜೂನ್ ೨೫, ಮಂಗಳವಾರ

ಹೊಸ ಪ್ರಯೋಗ! ಈ ಬಾರಿ ಬಿಸಿಯೇ ಇಲ್ಲ. ಅದೇ ಸಾಬೂನು, ಅದೇ ಕ್ಷಾರ, ಆದರೆ ಕೋಣೆಯ ತಾಪದಲ್ಲೇ ನಿನ್ನೆ ಸಂಜೆಯಿಂದ ಬೆಳಗಿನವರೆಗೆ ತಣ್ಣಗೆ ಕಲಕು. ಈ ಉಪಾಯ ಹೇಗೆ ಹೊಳೆಯಿತೆಂದು ಯಾರಾದರೂ ಕೇಳಿದರೆ: ಹೊಳೆಯಿತು. ಅಷ್ಟೆ.

ತೊಳೆದು ಒಣಗಿಸಿ ಪುಡಿಯನ್ನು ಎಕ್ಸ್‌ರೇ ಕೋಣೆಯ ಕಿಟಕಿಯಲ್ಲಿ ಹೆಂಡತಿಯ ಮುಂದಿಟ್ಟೆ.

"ನಾಳೆ ಮಧ್ಯಾಹ್ನ ಸಿಗುತ್ತೆ ಸಾರ್."

"ಒಂದು ಗುಂಡಿ—" ಎಂದು ಶುರುಮಾಡಿ ನಾಲಗೆ ಕಚ್ಚಿಕೊಂಡೆ. "ಒಂದು ಗುಂಡಿಗೆ ಬೇಕು ಕಾಯೋಕೆ," ಎಂದು ಮುಗಿಸಿದೆ. ಅವಳ ತುಟಿಯ ಒಂದು ತುದಿ ಅಲುಗಿದಂತಿತ್ತು. ಟ್ಯೂಬ್‌ಲೈಟು ಮಿಣುಕಿದ್ದೂ ಇರಬಹುದು.

ಜೂನ್ ೨೬, ಬುಧವಾರ

ಮಧ್ಯಾಹ್ನದವರೆಗೆ ಕಾಯಲಾರದೆ ಬೆಳಿಗ್ಗೆಯೇ ಹೋಗಿ ಅವಳ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಕೇವಲ ವೈಜ್ಞಾನಿಕ ಕುತೂಹಲ.

ಬರೆದಿಡಬೇಕಾದ ಸಂಗತಿ: ಗುಂಡಿ ಒತ್ತುವುದು ಕೊನೆಗೆ. ಅದಕ್ಕೆ ಮೊದಲು ಅವಳು ಪುಡಿಯನ್ನು ಅರೆದಳು. ಅಚ್ಚಿನಲ್ಲಿ ತುಂಬಿ ಗಾಜಿನ ಚೂರಿನಿಂದ ಸವರಿದಳು. ಬಗ್ಗಿ ಬೆಳಕಿಗೆ ಹಿಡಿದು ನೋಡಿ, ಎಲ್ಲ ಸುರಿದು ಮತ್ತೆ ತುಂಬಿದಳು. ಹಾಳೆಯಂಥ ಹರಳುಗಳನ್ನು ಒತ್ತಿದರೆ ಎಲ್ಲವೂ ಒಂದೇ ಕಡೆ ಮಲಗಿ ಸುಳ್ಳು ಚಿತ್ರ ಕೊಡುತ್ತವಂತೆ. ಇದನ್ನು ಅವಳು ಗೋಡೆಗೆ ಹೇಳಿದಳು. ಗೋಡೆಯ ಪಕ್ಕ ನಾನಿದ್ದೆ. ನಂತರ ಎಡತುದಿಯನ್ನು ಎಷ್ಟು ಮೆಲ್ಲಗೆ ಅಳೆಯಲು ಹೇಳಿದಳೆಂದರೆ ಯಂತ್ರಕ್ಕೇ ಆಕಳಿಕೆ ಬರಬೇಕು. ಕೋಣೆ ವಿಪರೀತ ತಣ್ಣಗಿದೆ. ಯಂತ್ರಕ್ಕೆ ಸೆಕೆ ಆಗಬಾರದಂತೆ. ಅವಳು ಎರಡೂ ಅಂಗೈಯನ್ನು ಆಗಾಗ ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ. ಇಷ್ಟು ವರ್ಷ ಮನೆಗೆ ಬಂದೊಡನೆ ಅವಳು ಬಿಸಿ ಲೋಟವನ್ನು ಕುಡಿಯದೆ ಸುಮ್ಮನೆ ಹಿಡಿದುಕೊಂಡು ಕೂರುತ್ತಿದ್ದುದು ಏಕೆಂದು ನಾನು ಕೇಳಿರಲಿಲ್ಲ.

ಚಿತ್ರ ಬಂತು. ಎಡಕ್ಕೆ ಒಂದು ಶಿಖರ, ಹೋದ ಸಲದ್ದಕ್ಕಿಂತ ಗಿಡ್ಡ. ಬಲಕ್ಕೆ ಹಾಳೆಗಳ ಗುರುತು, ಇದ್ದಲ್ಲೇ ಇದೆ.

"ಹಾಳೆ ಉಳಿದಿವೆ. ದೂರ ಸರಿದಿವೆ," ಎಂದಳು.

"ಗ್ಯಾರಂಟಿನಾ?"

"ಇನ್ನೊಂದ್ಸಲ ಹಾಕ್ತೀನಿ. ಆಮೇಲೆ ನಂಬಿ."

ಹೋದ ಬಾರಿ ನಾನು ಒಂದು ಸಲಕ್ಕೇ ನಂಬಿದ್ದೆ. ಈ ಬಾರಿ ಎರಡನೆಯದಕ್ಕೂ ಕೂತೆ.

ಜೂನ್ ೩೦, ಭಾನುವಾರ

ನಲ್ಲಿ ರಿಪೇರಿ ಮಾಡಿದೆ. ಸೋರುವುದು ನಿಂತಿದೆ; ಈಗ ನೀರೂ ಬರುತ್ತಿಲ್ಲ. ಅತ್ತೆ ಅದನ್ನು ಹೊಗಳಿಕೆಯ ಧಾಟಿಯಲ್ಲಿ ಮಗಳಿಗೆ ವರದಿ ಮಾಡಿದರು. ಅಡುಗೆಮನೆಯಲ್ಲಿ ಯಾರೋ ಇಬ್ಬರು ಬಹಳ ಹೊತ್ತು ನಕ್ಕದ್ದು ಕೇಳಿಸಿತು.

ನಿರ್ದೇಶಕರಿಗೆ ಇನ್ನೂ ಹೇಳಿಲ್ಲ. ಮೊದಲ ಶಿಖರ ಸುಳ್ಳೆಂದು ಹೇಳದೆಯೇ ಎರಡನೆಯದನ್ನು ಅದರ ಜಾಗದಲ್ಲಿ ಸರಿಸಿಟ್ಟರೆ ಯಾರಿಗೂ ಗೊತ್ತಾಗದು. ಗೊತ್ತಿರುವವರು ಇಬ್ಬರು. ಒಬ್ಬರು ಫ್ಯಾನು ನೋಡುತ್ತಾರೆ. ಇನ್ನೊಬ್ಬಳು ನೋಡುವುದು ನನ್ನನ್ನು.

ಜುಲೈ ೪, ಗುರುವಾರ

ಕಂಬ ನಿಲ್ಲಿಸಿದ್ದಾಯಿತು. ಇಂದು ಸುಡುವ ದಿನ. ಕುಲುಮೆಯ ಉಷ್ಣತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದೇನೆ. ಅವಸರಪಟ್ಟರೆ ಸಾಬೂನು ಹೋಗುವ ರಭಸಕ್ಕೆ ಕಂಬವೂ ಹೋದೀತು. ವೇಗವರ್ಧಕ ಮಾಡಲು ಎಷ್ಟು ನಿಧಾನ ಬೇಕು ನೋಡಿ.

ಅವಳ ಕೋಣೆಗೆ ಒಂದು ಸ್ವೆಟರ್ ತಲುಪಿಸಿ ಬಂದೆ. ಅತ್ತೆ ಕೊಟ್ಟು ಕಳಿಸಿದ್ದೆಂದು ಹೇಳಿದೆ. ಅತ್ತೆಗೆ ಸಂಜೆ ವಿಷಯ ತಿಳಿಸಿ ಸಾಕ್ಷಿ ಗಟ್ಟಿ ಮಾಡಿಕೊಂಡೆ.

"ರಾಂಗ್ ನಂಬರ್ ಅಂತ ಹೇಳ್ಬೇಕಿತ್ತು ನಾನು," ಎಂದರು ಅತ್ತೆ.

ಜುಲೈ ೯, ಮಂಗಳವಾರ

ಮದುವೆ ಆಯಿತು! ಮೂರು ಕೊಂಬಿನವನಿಗೂ ಆಲ್ಕೊಹಾಲಿಗೂ. ಮಧ್ಯಾಹ್ನಕ್ಕೆ ಆಲ್ಕೊಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೋಡಿಯಾಗಿತ್ತು, ಸಂಜೆಗೆ ಬಹುಪಾಲು. ಕಂಬವಿಲ್ಲದ ಹಾಳೆಕಟ್ಟಿನ ಮೇಲೂ ಇದನ್ನೇ ನಡೆಸಿದೆ. ಅಲ್ಲಿ ಮಾತುಕತೆಯ ಹಂತವನ್ನೂ ದಾಟಿಲ್ಲ. ಹಾಗಾಗಿ ಇದು ಕಣ್ಣಿನ ಭ್ರಮೆಯಲ್ಲ. ಆದರೂ ನಾಳೆ ಇನ್ನೊಮ್ಮೆ ಮಾಡುತ್ತೇನೆ, ಆಮೇಲೆ ನಂಬುತ್ತೇನೆ.

ಯಾರಿಗೂ ಹೇಳದೆ ಓಡಿದ್ದು ಎಕ್ಸ್‌ರೇ ಕೋಣೆಗೆ. ಅವಳು ಸ್ವೆಟರ್ ತೊಟ್ಟಿದ್ದಳು. ಅಂಕಿಗಳನ್ನು ನೋಡಿ, "ಒಳ್ಳೇದಾಯ್ತು," ಎಂದಳು. 'ಸಾರ್' ಸೇರಿಸುವುದು ಮರೆತಳೆನಿಸುತ್ತದೆ.

ಜುಲೈ ೧೨, ಶುಕ್ರವಾರ

ಸಮಿತಿ. ಉದ್ದನೆಯ ಮೇಜು, ಗಂಭೀರವಾದ ನೀರಿನ ಲೋಟಗಳು. ಅಧ್ಯಕ್ಷರು ಶುರುವಿಗೇ, "ಆ ಶಿಖರ ತೋರಿಸಿ ನೋಡೋಣ," ಎಂದರು.

ಮೊದಲ ಚಿತ್ರವನ್ನೇ ಹಾಕಿದೆ. "ಇದು ಸುಳ್ಳು," ಎಂದೆ.

ನಿರ್ದೇಶಕರು ಲೋಟ ಎತ್ತಿಕೊಂಡರು. ನೀರು ಪರೀಕ್ಷೆ ವಿಭಾಗದ ಕುರ್ಚಿ ನನ್ನ ಕಣ್ಣ ಮುಂದೆ ಹಾದುಹೋಯಿತು. ಅದರ ಒಂದು ಕಾಲು ಕುಂಟುತ್ತದೆಂದು ಕೇಳಿದ್ದೇನೆ. ಆದರೂ ಪೂರ್ತಿ ಹೇಳಿದೆ. ಹಾಳೆ ಕರಗಿದ್ದು, ನಾನು ಅರ್ಧವೇ ಅಳೆದು ಕುಣಿದದ್ದು, ಮರುದಿನವೇ ಎಕ್ಸ್‌ರೇ ಅಧಿಕಾರಿಣಿ ತಪ್ಪು ಹಿಡಿದು ಹೇಳಿದ್ದು. "ಅವರಿಗೆ ನಾನು ಎಲ್ಲರ ಮುಂದೆ ಆಡಬಾರದ ಮಾತಾಡಿದೆ. ಆದ್ದರಿಂದ ಇದನ್ನೂ ಎಲ್ಲರ ಮುಂದೆ ಹೇಳ್ತಿದೀನಿ. ಗುಂಡಿ ಒತ್ತಿದವನು ನಾನು. ಓದಿದವರು ಅವರು." ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆ ಕಡೆ ನೋಡುವ ಧೈರ್ಯ ಬರಲಿಲ್ಲ.

ನಂತರ ಎರಡನೆಯ ಚಿತ್ರ, ಆಮೇಲೆ ಕೊಂಬಿನವನ ಮದುವೆಯ ಅಂಕಿಗಳು. ಅಧ್ಯಕ್ಷರು ಕನ್ನಡಕ ಏರಿಸಿ, "ಮೊದಲನೇದು ಸುಳ್ಳು ಅಂತ ನೀವೇ ಹೇಳಿದ್ದಕ್ಕೆ ಎರಡನೇದನ್ನ ನಂಬ್ತೀನಿ," ಎಂದರು. ಬೆಂಚು ಉಳಿಯಿತು! ಪಂಡಿತರು ತಮ್ಮ ಲ್ಯಾಬಿನಲ್ಲಿ ಇದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕು, ಅದು ಗೆದ್ದರೆ ದೊಡ್ಡ ಪ್ರಮಾಣದಲ್ಲಿ ತಯಾರಿ.

"ಬಿಸಿ ಬೇಡ ಅಂತ ಹೇಗೆ ತೀರ್ಮಾನಿಸಿದ್ರಿ?" ಎಂದು ಅಧ್ಯಕ್ಷರು ಕೇಳಿದಾಗ ಮಾತ್ರ ನಾನು ಅರಳಿದೆ. ಹಾಳೆಯ ಮನಸ್ಸು ಅರಿಯಬೇಕು, ಒತ್ತಾಯದಿಂದ ಯಾವುದೂ ತೆರೆದುಕೊಳ್ಳದು, ಇದು ದೀರ್ಘ ಚಿಂತನೆಯ ಫಲ, ಇತ್ಯಾದಿ. ಅದಕ್ಕೆ 'ಶೀತಲ ವಿಧಾನ' ಎಂದು ನಿಂತ ನಿಲುವಿನಲ್ಲೇ ನಾಮಕರಣ ಮಾಡಿದೆ. ಇಬ್ಬರು ಬರೆದುಕೊಂಡರು.

ಜುಲೈ ೧೩, ಶನಿವಾರ

ಕೆಲಸದ ಮಾತು ಲೆಕ್ಕಕ್ಕಿಲ್ಲ ಎಂದಾದರೆ, ಮೊದಲು ಮಾತಾಡಿದವಳು ಅವಳೇ. ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ನಾನು ಹಿಡಿದ ಹಟ ಬಿಡಲಿಲ್ಲ.

ಬೆಳಿಗ್ಗೆ ಬಿಸಿ ಲೋಟ ಅವಳ ಕೈಗೆ ಕೊಟ್ಟೆ. ಅವಳು ಹಿಡಿದುಕೊಂಡು ಕೂತು, "ರೀ, ಒಂದು ಕೇಳ್ತೀನಿ, ನಿಜ ಹೇಳಿ," ಎಂದಳು. "ಬಿಸಿ ಜಾಸ್ತಿ ಅಂತ ನಾನು ಹೇಳಿದ್ದಕ್ಕೆ ಬಿಟ್ರಾ, ನಿಮಗೇ ಹೊಳೀತಾ?"

"ನನಗೇ."

"ದೀರ್ಘ ಚಿಂತನೆ?"

"ದೀರ್ಘ."

"ಪಂಡಿತರಿಗೆ ವಿಧಾನ ಬರೆದುಕೊಡ್ಬೇಕಲ್ಲ. ಯಾಕೆ ಬಿಸಿ ಇಲ್ಲ ಅಂತ ಅವರಿಗೆ ಏನು ಬರೀತೀರಿ?"

ಅತ್ತೆ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಲೈನ್ ತೆರೆದೇ ಇತ್ತು.

ನಿನ್ನೆ ಒಂದು ಸುಳ್ಳನ್ನು ಎಲ್ಲರೆದುರು ಒಪ್ಪಿಕೊಂಡವನು ಅದೇ ಉಸಿರಿನಲ್ಲಿ ಇನ್ನೊಂದು ಹೇಳಿ ಬಂದಿದ್ದೆ. ಪಂಡಿತರು ಅದನ್ನು ನಂಬಿ ಕೆಲಸ ಮಾಡಬೇಕು. ಹಾಗಾಗಿ ಹೇಳಿಬಿಟ್ಟೆ. ಇಲ್ಲಿಯೂ ಬರೆದಿಡುತ್ತೇನೆ, ಈ ದಿನಚರಿಗೂ ನಾನು ಸುಳ್ಳು ಹೇಳಿದ್ದರಿಂದ.

ಬಿಸಿ ಬೇಡವೆಂದು ನಾನು ತೀರ್ಮಾನಿಸಿರಲಿಲ್ಲ. ಅವಳು ಜಾಸ್ತಿ ಎಂದಿದ್ದ ಅದೇ ಬಿಸಿಯನ್ನು ಹಟಕ್ಕೆ ಮತ್ತೆ ಕೊಡುವವನಿದ್ದೆ. ಕಲಕುವ ಗುಂಡಿ ಒತ್ತಿದೆ. ಬಿಸಿಯ ಗುಂಡಿ ಒತ್ತಲು ಮರೆತೆ. ಮರುದಿನ ಬೆಳಿಗ್ಗೆ ಫ್ಲಾಸ್ಕ್ ಮುಟ್ಟಿದಾಗ ತಣ್ಣಗಿತ್ತು.

"ಮರೆಯೋಷ್ಟು ಅವಸರ ಏನಿತ್ತು?" ಎಂದಳು.

"ಎಕ್ಸ್‌ರೇ ಕೋಣೆ ಮುಚ್ಚೋದ್ರೊಳಗೆ ಬಂದು ನಿನಗೊಂದು ಮಾತು ಹೇಳೋದಿತ್ತು. 'ತಪ್ಪಾಯ್ತು' ಅಂತ. ಅದನ್ನ ಬಾಯಿಪಾಠ ಮಾಡ್ಕೊಂಡು ಬಂದೆ."

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. "ಆವತ್ತು... ಬಂದಿದ್ರಲ್ಲ. ಆದ್ರೆ ನೀವು ಹೇಳಿದ್ದು ಅದಲ್ವಲ್ಲ?"

ಪತ್ರಿಕೆಯ ಹಿಂದೆ ಅತ್ತೆಯ ಭುಜ ಕುಲುಕತೊಡಗಿತು. ಅವರಿಗೆ ಅಂದೇ ವರದಿ ಮುಟ್ಟಿದೆ.

ಹೌದು. ಮೊದಲು ಮಾತಾಡಿಸಿದವನು ನಾನೇ, ಜೂನ್ ಇಪ್ಪತ್ತನಾಲ್ಕರಂದೇ. ಅವಳು ಬಾಗಿಲು ತೆರೆದೊಡನೆ, ಗೋಡೆ ಗಡಿಯಾರದ ನೇರ ಕೆಳಗೆ, ಎಡಗೈಗೆ ವಾಚು ಕಟ್ಟಿಕೊಂಡು ನಿಂತು, ಸ್ವಂತ ಹೆಂಡತಿಯನ್ನು, "ಟೈಮ್ ಎಷ್ಟಾಯ್ತು ಮೇಡಂ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಓಡಿಹೋಗಿದ್ದೆ.